ಬಿಚ್ಚುವ ಮೊದಲು ಅಳೆಯಿರಿ: ಹತ್ತಿ ನೂಲಿನ ಕ್ರೋಶ ಟಾಪ್‌ನಲ್ಲಿ ದೋಷ ಹುಡುಕುವ ಬಗೆ

ಕಾರವಾರದ ಕಡೆ ಮಾರ್ಚ್ ಕಳೆಯಿತೆಂದರೆ ಸಂಜೆಯಾದರೂ ಸೆಕೆ ಇಳಿಯುವುದಿಲ್ಲ. ಆ ಸೆಕೆಗೆ ಸಡಿಲ ಹೆಣಿಗೆಯ ಹತ್ತಿ ಟಾಪ್ ತುಂಬಾ ಹಿತ. ಅದನ್ನು ಹೆಣೆಯುವ ಕೆಲಸವೂ ಹಿತವೇ. ಅಡುಗೆಮನೆ ಕೆಲಸ ಮುಗಿಸಿ, ಜಗಲಿಯಲ್ಲಿ ಕೂತು ನಾಲ್ಕೈದು ಸಾಲು ಹಾಕಿದರೆ ತಲೆ ಹಗುರಾಗುತ್ತದೆ. ಆದರೆ ಅರ್ಧ ಟಾಪ್ ಆದ ಮೇಲೆ ಅಂಚು ಒಳಗೆ ಸರಿದಿದ್ದು ಕಂಡರೆ ಆ ನೆಮ್ಮದಿ ಹೋಗಿಬಿಡುತ್ತದೆ. ಹೆಚ್ಚಿನವರು ಆಗ ಬೇಸರದಲ್ಲಿ ಪೂರ್ತಿ ಬಿಚ್ಚಿಬಿಡುತ್ತಾರೆ. ಕಾರಣ ಗೊತ್ತಿಲ್ಲದೆ ಬಿಚ್ಚಿದರೆ ಅದೇ ತಪ್ಪು ಮತ್ತೆ ಬರುತ್ತದೆ. ಹಾಗಾಗಿ ಮೊದಲು ದೋಷ ಎಲ್ಲಿ ಕೂತಿದೆ ಅಂತ ಹುಡುಕಬೇಕು. ಬಿಚ್ಚುವುದೋ ಬೇಡವೋ ಅನ್ನುವುದು ಆಮೇಲಿನ ಮಾತು.

ಇಲ್ಲಿ ಹೇಳುವುದು ಸರಳ ಟಾಪ್ ಬಗ್ಗೆ. ಮುಂದಿನದೊಂದು, ಹಿಂದಿನದೊಂದು ತುಂಡು ಹೆಣೆದು, ಹೆಗಲು ಮತ್ತು ಬದಿ ಜೋಡಿಸುವಂಥದ್ದು. 4 ಪ್ಲೈ ಹತ್ತಿ ನೂಲು, 3.5 ಮಿ.ಮೀ. ಕಡ್ಡಿ (ಕೊಕ್ಕೆ ತುದಿಯ ಕ್ರೋಶ ಸೂಜಿ), ಹೆಚ್ಚಾಗಿ ಡಬಲ್ ಕ್ರೋಶ. ಇಲ್ಲಿ ಬಳಸಿದ ಹೆಣಿಗೆಯ ಹೆಸರುಗಳು ಅಮೆರಿಕದ ಪದ್ಧತಿಯವು. ಬೇರೆ ವಿನ್ಯಾಸಕ್ಕೂ ಹುಡುಕುವ ದಾರಿ ಇದೇ.

ಮೊದಲ ಪರೀಕ್ಷೆ

ತುಂಡನ್ನು ಮಂಚದ ಮೇಲೆ ಹರಡಿ. ಎಳೆಯಬೇಡಿ, ಕೈಯಿಂದ ಸುಮ್ನೆ ಸವರಿ. ಟೇಪ್ ತೆಗೆದುಕೊಂಡು ಮೂರು ಕಡೆ ಅಗಲ ಅಳೆಯಿರಿ: ಕೆಳಗಿನ ಅಂಚಿನಲ್ಲಿ, ನಡುವೆ, ಈಗ ಹಾಕುತ್ತಿರುವ ಸಾಲಿನಲ್ಲಿ. ಅದೇ ಮೂರು ಸಾಲಿನಲ್ಲಿ ಕಂಬಗಳನ್ನು, ಅಂದರೆ ಸಾಲಿನಲ್ಲಿ ನೆಟ್ಟಗೆ ನಿಂತ ಒಂದೊಂದು ಹೆಣಿಗೆಯನ್ನು, ಎಣಿಸಿ. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದಿಡಿ.

ಕಂಬದ ಲೆಕ್ಕ ಮೂರೂ ಕಡೆ ಬೇರೆ ಬೇರೆ ಬಂದರೆ ದೋಷ ಅಂಚಿನಲ್ಲಿದೆ. ಲೆಕ್ಕ ಒಂದೇ ಇದ್ದು ಅಗಲ ಮಾತ್ರ ಬೇರೆಯಾದರೆ ಅದು ಕೈ ಬಿಗಿಯ ತೊಂದರೆ, ಇಲ್ಲವೇ ನಡುವೆ ಕಡ್ಡಿ ಬದಲಾಗಿದೆ. ಲೆಕ್ಕವೂ ಅಗಲವೂ ಮೂರು ಕಡೆ ಒಂದೇ ಆಗಿದ್ದು, ಟಾಪ್ ಮಾತ್ರ ಮೈಗೆ ಕೂರದಿದ್ದರೆ ಮೊದಲಿನ ಅಳತೆಯೇ ತಪ್ಪು. ಮಂಚದ ಮೇಲೆ ಸರಿ ಇದ್ದು ಹಾಕಿಕೊಂಡಾಗ ಉದ್ದವಾದರೆ ಅದು ನೂಲಿನ ಭಾರದ ಕೆಲಸ. ಹತ್ತು ನಿಮಿಷದ ಕೆಲಸ ಇದು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ, ಹಾಗಾಗಿ ದಯವಿಟ್ಟು ಬಿಡಬೇಡಿ.

ಅಗಲ ಸಾಲು ಸಾಲಿಗೆ ಕಡಿಮೆಯಾಗುತ್ತಿದೆ

ಎಲ್ಲಕ್ಕಿಂತ ಜಾಸ್ತಿ ಕಾಣುವ ದೋಷ ಇದು. ಕಾರಣ ಸಾಲಿನ ಎರಡು ತುದಿಗಳಲ್ಲಿ ಇರುತ್ತದೆ. ಡಬಲ್ ಕ್ರೋಶದಲ್ಲಿ ಸಾಲು ತಿರುಗಿಸುವಾಗ 3 ಚೈನ್ (ಸರಪಳಿಯ ಹಾಗೆ ಒಂದರೊಳಗಿಂದ ಒಂದು ಎಳೆದ ಲೂಪ್) ಹಾಕುತ್ತೇವೆ. ಸಾಮಾನ್ಯವಾಗಿ ಆ 3 ಚೈನ್ ಒಂದು ಕಂಬಕ್ಕೆ ಸಮ. ಹಾಗಾಗಿ ಮುಂದಿನ ಕಂಬವನ್ನು ಕೆಳಸಾಲಿನ ಎರಡನೇ ಕಂಬದ ತಲೆಗೆ ಹಾಕಬೇಕು. ಸಾಲಿನ ಕೊನೆಯ ಕಂಬವನ್ನು ಹಿಂದಿನ ಸಾಲಿನ 3 ಚೈನ್‌ನ ತಲೆಗೆ ಹಾಕಬೇಕು. ಈ ಕೊನೆಯದೇ ತಪ್ಪಿಹೋಗುವುದು. ಆ ಚೈನ್ ಸಣಕಲಾಗಿ ಪಕ್ಕಕ್ಕೆ ವಾಲಿರುತ್ತದೆ, ಸಂಜೆಯ ಬೆಳಕಿನಲ್ಲಿ ಅದು ಕಂಬ ಅಂತ ಕಣ್ಣಿಗೆ ಹೊಳೆಯುವುದೇ ಇಲ್ಲ.

ಪ್ರತಿ ಸಾಲಿಗೆ ಒಂದು ತಪ್ಪಿದರೆ 30 ಸಾಲಿಗೆ 30 ಕಂಬ ಹೋಗುತ್ತದೆ. 10 ಸೆಂ.ಮೀ.ಗೆ 18 ಕಂಬ ಕೂರುವ ಹೆಣಿಗೆಯಲ್ಲಿ ಅದು 16 ಸೆಂ.ಮೀ.ಗಿಂತ ಜಾಸ್ತಿ. ಟಾಪ್ ತ್ರಿಕೋನ ಆಗುವುದು ಹೀಗೆ. ಉಲ್ಟಾ ಆದರೆ, ಅಂದರೆ 3 ಚೈನ್ ಹಾಕಿ ಅದರ ಬುಡದ ಕಂಬಕ್ಕೇ ಮತ್ತೊಂದು ಹಾಕಿದರೆ, ಸಾಲಿಗೊಂದು ಕಂಬ ಹೆಚ್ಚುತ್ತದೆ. ಎರಡೂ ತಪ್ಪು ಒಟ್ಟಿಗೆ ಆಗುವುದೂ ಉಂಟು. ಆಗ ಲೆಕ್ಕ ಸರಿಯಾಗಿಯೇ ಬರುತ್ತದೆ, ಅಂಚು ಮಾತ್ರ ಹಲ್ಲು ಹಲ್ಲಾಗಿ ಬದಿ ಜೋಡಿಸುವಾಗ ಕಷ್ಟ ಕೊಡುತ್ತದೆ. ಲೆಕ್ಕದ ಜೊತೆ ಅಂಚನ್ನೂ ಬೆರಳಿನಿಂದ ಸವರಿ ನೋಡಿ ಅನ್ನುವುದು ಇದಕ್ಕೇ.

ತಪ್ಪಿದ ಸಾಲು ಯಾವುದು ಅಂತ ಹುಡುಕಲು ಮೇಲಿನಿಂದ ಒಂದೊಂದೇ ಸಾಲು ಎಣಿಸುತ್ತಾ ಬರಬೇಡಿ. ನಡುವಿನ ಸಾಲನ್ನು ಎಣಿಸಿ. ಅಲ್ಲಿ ಲೆಕ್ಕ ಸರಿ ಇದ್ದರೆ ತಪ್ಪು ಮೇಲಿನ ಅರ್ಧದಲ್ಲಿದೆ, ಸರಿ ಇಲ್ಲದಿದ್ದರೆ ಕೆಳಗಿನ ಅರ್ಧದಲ್ಲಿ. ಆ ಅರ್ಧದ ನಡುವೆ ಮತ್ತೆ ಎಣಿಸಿ. ಹೀಗೆ ಮಾಡಿದರೆ 32 ಸಾಲಿನ ತುಂಡಿನಲ್ಲಿ 5 ಸಲ ಎಣಿಸಿದರೆ ಮೊದಲ ತಪ್ಪು ಸಿಕ್ಕಿಬಿಡುತ್ತದೆ. ಅಲ್ಲಿಯವರೆಗೆ ಬಿಚ್ಚಿದರೆ ಸಾಕು.

ಒಟ್ಟು ಎರಡು ಮೂರು ಕಂಬ ಮಾತ್ರ ಕಡಿಮೆಯಾಗಿದ್ದರೆ ನಾನಂತೂ ಬಿಚ್ಚಲು ಹೇಳುವುದಿಲ್ಲ. ಮುಂದಿನ ಸಾಲಿನಲ್ಲಿ ಅಂಚಿನಿಂದ ಸ್ವಲ್ಪ ಒಳಗೆ ಒಂದೇ ತಲೆಗೆ ಎರಡು ಕಂಬ ಹಾಕಿ ಲೆಕ್ಕ ಸರಿಮಾಡಿಕೊಳ್ಳಿ. ಬದಿ ಜೋಡಿಸಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಂದೆ ತಪ್ಪದಿರಲು ಪ್ರತಿ ಸಾಲಿನ 3 ಚೈನ್‌ನ ತಲೆಗೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿ. ಸೇಫ್ಟಿ ಪಿನ್ ಬೇಡ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಅಂಚಿನಲ್ಲಿ ತೂತು ಕಾಣುತ್ತಿದ್ದರೆ 3ರ ಬದಲು 2 ಚೈನ್ ಹಾಕಿ ನೋಡಿ. ಕೈ ಸಡಿಲ ಇರುವವರಿಗೆ ಅಷ್ಟೇ ಎತ್ತರ ಸಾಕಾಗುತ್ತದೆ.

ಕೆಳಗಿನ ಅಂಚು ಕಮಾನಾಗಿ ಎಳೆದುಕೊಂಡಿದೆ

ಕಂಬದ ಲೆಕ್ಕ ಎಲ್ಲ ಕಡೆ ಸರಿ, ಆದರೆ ಮೊದಲ ಸಾಲಿನ ಅಗಲ ಮಾತ್ರ ಕಡಿಮೆ. ಇದು ಬುಡದ ಚೈನ್, ಅಂದರೆ ಹೆಣಿಗೆ ಶುರು ಮಾಡಲು ಹಾಕಿದ ಚೈನ್ ಸಾಲು, ಬಿಗಿಯಾದದ್ದು. ನಮ್ಮ ಕಡೆ ಎಷ್ಟೋ ಜನ ಕ್ರೋಶ ಕಲಿತದ್ದು ಸೀರೆ ಕುಚ್ಚಿನಿಂದ. ಕುಚ್ಚಿಗೆ ಪ್ರತಿ ಲೂಪನ್ನೂ ಬಿಗಿಯಾಗಿ ಎಳೆದು ಲಾಕ್ ಮಾಡಬೇಕು, ಇಲ್ಲದಿದ್ದರೆ ಮಣಿ ಅಲುಗಾಡುತ್ತದೆ. ಆ ಅಭ್ಯಾಸ ಟಾಪ್‌ಗೆ ಬಂದರೆ ಬಟ್ಟೆ ಗಟ್ಟಿಯಾಗುತ್ತದೆ. ಕೈ ಕಲಿತದ್ದನ್ನು ಕೈಗೆ ಮರೆಸುವುದು ಕಷ್ಟ, ಅಲ್ವಾ? ಅದಕ್ಕೆ ಕಡ್ಡಿ ಬದಲಿಸುವುದೇ ಸುಲಭ. ಬುಡದ ಚೈನ್ ಮಾತ್ರ 4 ಅಥವಾ 4.5 ಮಿ.ಮೀ. ಕಡ್ಡಿಯಲ್ಲಿ ಹಾಕಿ, ಮೊದಲ ಸಾಲಿನಿಂದ 3.5ಕ್ಕೆ ಬನ್ನಿ.

ಈಗಾಗಲೇ ತುಂಡು ಮುಗಿದಿದ್ದರೂ ಪೂರ್ತಿ ಬಿಚ್ಚಬೇಕಾಗಿಲ್ಲ. ಬುಡದ ಚೈನ್‌ನಲ್ಲಿ ಒಂದು ಎಳೆಯನ್ನು ಜಾಗ್ರತೆಯಿಂದ ಕತ್ತರಿಸಿ, ಚೈನನ್ನು ಬಿಡಿಸಿ ತೆಗೆಯುತ್ತಾ ಹೋಗಿ. ತೆರೆದುಕೊಂಡ ಪ್ರತಿ ಕಂಬದ ಬುಡವನ್ನು ಕೂಡಲೇ ಹೊಸ ನೂಲಿನಲ್ಲಿ ಸಿಂಗಲ್ ಕ್ರೋಶ ಹಾಕಿ ಹಿಡಿದುಕೊಳ್ಳಿ. ತಾಳ್ಮೆ ಬೇಡುವ ಕೆಲಸ. ಆದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಇಡೀ ಟಾಪ್ ಸಣ್ಣದು ಅಥವಾ ದೊಡ್ಡದು

ಮಾದರಿ ತುಂಡು (ಅಳತೆ ನೋಡಲು ಮೊದಲು ಹೆಣೆಯುವ ಸಣ್ಣ ಚೌಕ) ಹೆಣೆಯದೆ ಶುರು ಮಾಡಿದವರಿಗೆ ಬರುವ ತೊಂದರೆ ಇದು. ವಿನ್ಯಾಸದಲ್ಲಿ 10 ಸೆಂ.ಮೀ.ಗೆ 18 ಕಂಬ ಅಂತ ಇದೆ ಅಂದುಕೊಳ್ಳಿ. ನಿಮ್ಮ ಕೈಯಲ್ಲಿ 20 ಬಂತು. ಎರಡೇ ಕಂಬ ತಾನೇ ಅನಿಸುತ್ತದೆ. 90 ಕಂಬದ ತುಂಡು 50 ಸೆಂ.ಮೀ. ಬರಬೇಕಾದ್ದು 45ಕ್ಕೆ ನಿಲ್ಲುತ್ತದೆ. ಹಿಂದೆ ಮುಂದೆ ಸೇರಿ ಎದೆ ಸುತ್ತಳತೆಯಲ್ಲಿ 10 ಸೆಂ.ಮೀ. ಹೋಯಿತು. ಆ ಟಾಪ್ ತಂಗಿಯ ಪಾಲಾಗುತ್ತದೆ.

ಮಾದರಿ ತುಂಡು 15 ಸೆಂ.ಮೀ. ಚೌಕ ಇರಲಿ, ಅಳೆಯುವುದು ನಡುವಿನ 10 ಸೆಂ.ಮೀ. ಮಾತ್ರ. ಅಂಚಿನ ಕಂಬಗಳು ನಿಜ ಹೇಳುವುದಿಲ್ಲ. ಅದನ್ನು ಒಗೆದು ಒಣಗಿಸಿ, ಮತ್ತೆ ಅಳೆಯಿರಿ.

ಮಾದರಿ ತುಂಡು ತೀರಾ ಬೇರೆ ಬಂದರೆ ಎರಡು ಕಡೆ ಅನುಮಾನಪಡಿ. ಒಂದು, ಹೆಸರು. ಅಮೆರಿಕದ ಸಿಂಗಲ್ ಕ್ರೋಶವನ್ನು ಬ್ರಿಟನ್ನಿನಲ್ಲಿ ಡಬಲ್ ಕ್ರೋಶ ಅನ್ನುತ್ತಾರೆ. ಅಮೆರಿಕದ ಡಬಲ್ ಅಲ್ಲಿ ಟ್ರೆಬಲ್. ಹಳೆಯ ಪುಸ್ತಿಕೆಗಳಲ್ಲಿ ಬ್ರಿಟಿಷ್ ಹೆಸರು ಇರುತ್ತದೆ, ವಿಡಿಯೋಗಳಲ್ಲಿ ಹೆಚ್ಚಾಗಿ ಅಮೆರಿಕದ್ದು. ಪುಸ್ತಿಕೆ ನೋಡಿ ಶುರು ಮಾಡಿ, ಅರ್ಥವಾಗದ್ದನ್ನು ವಿಡಿಯೋದಲ್ಲಿ ನೋಡಿದರೆ ಎರಡೂ ಕಲಸಿಹೋಗುತ್ತವೆ. ವಿನ್ಯಾಸದಲ್ಲಿ ಎಲ್ಲಾದರೂ 'ಸಿಂಗಲ್ ಕ್ರೋಶ' ಅಂತ ಇದ್ದರೆ ಅದು ಅಮೆರಿಕದ ಪದ್ಧತಿ. ಡಬಲ್ ಕ್ರೋಶಕ್ಕೆ ತಿರುಗುವಾಗ 1 ಚೈನ್ ಸಾಕು ಅಂತ ಹೇಳಿದ್ದರೆ ಅದು ಬ್ರಿಟಿಷ್ ಇರಬೇಕು.

ಇನ್ನೊಂದು, ಕಡ್ಡಿಯ ನಂಬರ್. ಕುಚ್ಚಿಗೆ ಬಳಸುವ ಸಣ್ಣ ಉಕ್ಕಿನ ಕಡ್ಡಿಗಳಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ತೆಳು. ದಪ್ಪ ಅಲ್ಯೂಮಿನಿಯಂ ಕಡ್ಡಿಗಳಲ್ಲಿ ಅಮೆರಿಕದ ಅಕ್ಷರ ಮುಂದೆ ಹೋದಷ್ಟೂ ಕಡ್ಡಿ ದಪ್ಪ. 'ಇ' ಅಂದರೆ 3.5, 'ಎಚ್' ಅಂದರೆ 5 ಮಿ.ಮೀ. ಹಾಗಾಗಿ ಮಿ.ಮೀ. ಲೆಕ್ಕವನ್ನು ಮಾತ್ರ ನಂಬಿ. ಬರಹ ಅಳಿಸಿಹೋಗಿದ್ದರೆ ತೆಳುವಾದ ಹೊಲಿಗೆ ದಾರವನ್ನು ಕಡ್ಡಿಯ ಮೈಗೆ 10 ಸುತ್ತು ಒತ್ತಾಗಿ ಸುತ್ತಿ, ಬಿಚ್ಚಿ ಅಳೆಯಿರಿ. 11 ಸೆಂ.ಮೀ.ಗಿಂತ ಸ್ವಲ್ಪ ಮೇಲೆ ಬಂದರೆ 3.5 ಮಿ.ಮೀ., 12.5ಕ್ಕಿಂತ ಸ್ವಲ್ಪ ಮೇಲೆ ಬಂದರೆ 4 ಮಿ.ಮೀ.

ಬಟ್ಟೆ ಗೋಣಿಯ ಹಾಗೆ ಒರಟಾಗಿದೆಯೇ? ನೂಲಿಗೆ ಬೈಯುವ ಮೊದಲು ಕಡ್ಡಿಯನ್ನು ಅರ್ಧ ಮಿ.ಮೀ. ದಪ್ಪ ಮಾಡಿ ಇನ್ನೊಂದು ಮಾದರಿ ತುಂಡು ಹಾಕಿ. ಹತ್ತರಲ್ಲಿ ಎಂಟು ಸಲ ಅಷ್ಟರಲ್ಲೇ ಸರಿಹೋಗುತ್ತದೆ ಅನ್ನುವುದು ನನ್ನ ಅನಿಸಿಕೆ.

ಪಟ್ಟೆ ಪಟ್ಟೆಯಾಗಿ ಬಿಗಿ, ಸಡಿಲ

ಬೆಳಕಿಗೆ ಹಿಡಿದಾಗ ನಾಲ್ಕೈದು ಸಾಲು ಒತ್ತಾಗಿ, ಮುಂದಿನ ನಾಲ್ಕೈದು ಸಾಲು ತೆರೆದುಕೊಂಡು ಕಾಣುತ್ತದೆ. ಸಂಜೆಯ ಹೆಣಿಗೆಗೆ ಮಾತ್ರ ಬರುವ ದೋಷ ಇದು. ಒಂದೊಂದು ಪಟ್ಟೆಯೂ ಒಂದೊಂದು ಸಂಜೆ. ದಣಿದು ಕೂತ ದಿನ ಕೈ ಬಿಗಿ, ಧಾರಾವಾಹಿ ನೋಡುತ್ತಾ ಕೂತ ದಿನ ಸಡಿಲ. ಕರಾವಳಿಯಲ್ಲಿ ಇದರ ಜೊತೆ ಬೆವರೂ ಸೇರುತ್ತದೆ. ಬೆವರಿದ ಬೆರಳಿನ ಮೇಲೆ ನೂಲು ಜಾರುವುದಿಲ್ಲ, ಅದನ್ನು ಎಳೆಯಬೇಕಾಗುತ್ತದೆ. ಹತ್ತಿಯೂ ಗಾಳಿಯ ತೇವ ಹೀರುತ್ತದೆ. ಗಾಳಿಯ ತೇವಾಂಶ 65 ಶೇಕಡಾ ಇದ್ದಾಗಲೇ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕೋಡಿಬಾಗ ಕಡೆ, ಕಾಳಿ ನದಿ ಸಮುದ್ರ ಸೇರುವಲ್ಲಿ, ಮೇ ತಿಂಗಳ ಸಂಜೆಯ ಗಾಳಿ ಅದಕ್ಕಿಂತ ಎಷ್ಟೋ ತೇವ. ಅದೇ ನೂಲು, ಅದೇ ಕಡ್ಡಿ ಹಿಡಿದು ದೇವಿಮನೆ ಘಟ್ಟ ಹತ್ತಿ ಶಿರಸಿಯಲ್ಲಿ ಚಳಿಗಾಲದಲ್ಲಿ ಕೂತರೆ ಕೈ ಬೇರೆಯೇ ಓಡುತ್ತದೆ. ರಜೆಗೆ ಹೋದಲ್ಲಿ ಅರ್ಧ, ಮನೆಯಲ್ಲಿ ಅರ್ಧ ಹೆಣೆದ ತುಂಡಿನಲ್ಲಿ ನಡುವೆ ಗೆರೆ ಬಿದ್ದ ಹಾಗೆ ಕಾಣುವುದು ಇದರಿಂದಲೇ.

ಪರಿಹಾರ ಸಣ್ಣದು. ಪ್ರತಿ ಸಂಜೆ ಮೊದಲು ಮಾದರಿ ತುಂಡಿನ ಮೇಲೆ ಒಂದು ಸಾಲು ಹಾಕಿ, ಕೈ ಹದಕ್ಕೆ ಬಂದ ಮೇಲೆ ಟಾಪ್ ಎತ್ತಿಕೊಳ್ಳಿ. ಫ್ಯಾನ್ ಕೆಳಗೆ ಕೂತು, ಪಕ್ಕದಲ್ಲಿ ಒಣ ಟವೆಲ್ ಇಟ್ಟುಕೊಳ್ಳಿ. ಪೌಡರ್ ಹಚ್ಚಬೇಡಿ, ಗಾಢ ಬಣ್ಣದ ನೂಲಿನ ಮೇಲೆ ಬಿಳಿ ಕಲೆ ಕೂರುತ್ತದೆ. ಈಗಾಗಲೇ ಬಿದ್ದ ಪಟ್ಟೆ ತೆಳುವಾಗಿದ್ದರೆ ಒದ್ದೆ ಮಾಡಿ ಹರಡಿ ಒಣಗಿಸಿದಾಗ ಬಹಳ ಮಟ್ಟಿಗೆ ಕೂಡಿಕೊಳ್ಳುತ್ತದೆ. ಅದಕ್ಕೆ ಮೊದಲು ಬಿಚ್ಚಬೇಡಿ.

ಹಾಕಿಕೊಂಡರೆ ಉದ್ದವಾಗುತ್ತದೆ

ಪಕ್ಕದ ಮನೆಯ ಹುಡುಗಿ ಹೊಸ ಟಾಪ್ ತಂದು, "ಅಕ್ಕಾ, ಒಗೆದ ಮೇಲೆ ತೊಡೆಯವರೆಗೆ ಬಂತು. ನಾನು ಎಳೆದೇ ಇಲ್ಲ" ಅಂದಳು. "ನೀನು ಎಳೆದಿಲ್ಲ ಮಾರಾಯ್ತಿ, ಬಟ್ಟೆ ಒಣಹಾಕುವ ಹಗ್ಗ ಎಳೆದದ್ದು" ಅಂದೆ. ಹತ್ತಿಗೆ ಉಣ್ಣೆಯ ಹಾಗೆ ಹಿಂದಕ್ಕೆ ಎಳೆದುಕೊಳ್ಳುವ ಗುಣ ಇಲ್ಲ. 300 ಗ್ರಾಂ ತೂಗುವ ಟಾಪ್ ನೀರು ಕುಡಿದು ಹಗ್ಗದ ಮೇಲೆ ಜೋತರೆ ಅದರ ತೂಕವೇ ಅದನ್ನು ಕೆಳಗೆ ಎಳೆಯುತ್ತದೆ. ಉದ್ದ ಬೆಳೆದಷ್ಟೂ ಅಗಲ ಕುಗ್ಗುತ್ತದೆ. ಕಂಬ ಎತ್ತರವಿದ್ದಷ್ಟೂ ಈ ತೊಂದರೆ ಜಾಸ್ತಿ. ಟ್ರೆಬಲ್‌ನಲ್ಲಿ ಹೆಣೆದದ್ದು ಬಹಳ ಇಳಿಯುತ್ತದೆ, ಹಾಫ್ ಡಬಲ್ ಕಡಿಮೆ, ಸಿಂಗಲ್ ಇನ್ನೂ ಕಡಿಮೆ.

ಮೊದಲು ಅದನ್ನು ವಾಪಸ್ ತರುವುದು. ಪೂರ್ತಿ ಒದ್ದೆ ಮಾಡಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ. ಚಾಪೆಯ ಮೇಲೆ ಇನ್ನೊಂದು ಒಣ ಟವೆಲ್ ಹಾಸಿ, ಟಾಪನ್ನು ಬೇಕಾದ ಅಳತೆಗೆ ಕೈಯಿಂದ ಒಟ್ಟುಗೂಡಿಸಿ, ಟೇಪ್ ಹಿಡಿದು ನೋಡಿ, ಹಾಗೇ ಮಲಗಿಸಿ ಒಣಗಿಸಿ. ಬಹುಪಾಲು ಉದ್ದ ಹಿಂದೆ ಬರುತ್ತದೆ.

ಇನ್ನು ಮುಂದಿನ ಟಾಪ್‌ಗೆ. ಮಾದರಿ ತುಂಡನ್ನು ಒಗೆದು ಒಣಗಿಸಿದ ಮೇಲೆ ಕ್ಲಿಪ್‌ನಲ್ಲಿ ತೂಗುಹಾಕಿ, ಕೆಳಗೆ ನಾಲ್ಕೈದು ಬಟ್ಟೆ ಕ್ಲಿಪ್ ಸಿಕ್ಕಿಸಿ ರಾತ್ರಿ ಬಿಡಿ. 15 ಸೆಂ.ಮೀ. ಇದ್ದದ್ದು ಬೆಳಿಗ್ಗೆ 16.5 ಆಗಿದ್ದರೆ ಹತ್ತಕ್ಕೆ ಒಂದು ಪಾಲು ಇಳಿಯುವ ನೂಲು ಅದು. 55 ಸೆಂ.ಮೀ. ಟಾಪ್ ಬೇಕಿದ್ದರೆ 50ಕ್ಕೇ ಹೆಣಿಗೆ ನಿಲ್ಲಿಸಿ. ಉಳಿದದ್ದನ್ನು ನೂಲೇ ಕೊಡುತ್ತದೆ.

ಹೆಗಲು ಜಾರಿ ಕುತ್ತಿಗೆ ತೆರೆದುಕೊಳ್ಳುತ್ತಿದ್ದರೆ ಕಾರಣ ಇದೇ ಭಾರ. ಇಡೀ ಟಾಪ್ ಹೆಗಲಿನ ಎರಡು ಪಟ್ಟಿಯಿಂದ ನೇತಾಡುತ್ತಿರುತ್ತದೆ. ಹೆಗಲಿನ ಜೋಡಣೆಯ ಒಳಬದಿಗೆ ತೆಳು ಹತ್ತಿ ಟೇಪ್ ಇಟ್ಟು ಕೈಹೊಲಿಗೆ ಹಾಕಿ. ಕುತ್ತಿಗೆ ಸುತ್ತ 3 ಮಿ.ಮೀ. ಕಡ್ಡಿಯಲ್ಲಿ ಒಂದು ಸುತ್ತು ಸ್ಲಿಪ್ ಸ್ಟಿಚ್ (ಎತ್ತರವಿಲ್ಲದ ಚಪ್ಪಟೆ ಹೆಣಿಗೆ) ಹಾಕಿ. ಎರಡು ಸೆಂ.ಮೀ.ವರೆಗಿನ ಜಾರಿಕೆ ಇದರಲ್ಲಿ ನಿಲ್ಲುತ್ತದೆ.

ತುಂಡು ಜೋಡಿಸದೆ ಸುತ್ತು ಸುತ್ತಾಗಿ ಹೆಣೆದವರಿಗೆ ಇನ್ನೊಂದು ದೋಷ ಕಾಣುತ್ತದೆ. ಸುತ್ತು ಶುರುವಾದ ಗೆರೆ ಸೊಂಟದಿಂದ ಬೆನ್ನಿಗೋ ಹೊಟ್ಟೆಗೋ ವಾಲುತ್ತಾ ಹೋಗುತ್ತದೆ. ಅದು ನಿಮ್ಮ ತಪ್ಪಲ್ಲ. ಒಂದೇ ದಿಕ್ಕಿನಲ್ಲಿ ಹಾಕಿದ ಕಂಬ ಕೆಳಗಿನದರ ನೇರಕ್ಕೆ ಕೂರದೆ ಸ್ವಲ್ಪ ಪಕ್ಕಕ್ಕೆ ಕೂರುತ್ತದೆ. ಪ್ರತಿ ಸುತ್ತು ಮುಗಿದಾಗ ತಿರುಗಿಸಿ ಹಿಂದಕ್ಕೆ ಹೆಣೆದರೆ ಗೆರೆ ನೇರ ನಿಲ್ಲುತ್ತದೆ.

ಸಮುದ್ರದ ಗಾಳಿ, ಮಳೆಗಾಲ

ಕಂದು ಚುಕ್ಕೆ ಕಂಡರೆ ಅದು ತುಕ್ಕು. ಉಪ್ಪು ಗಾಳಿಯಲ್ಲಿ ಗುರುತಿಗೆ ಹಾಕಿದ ಸೇಫ್ಟಿ ಪಿನ್ ಹೆಣಿಗೆಯೊಳಗೇ ತುಕ್ಕು ಹಿಡಿಯುತ್ತದೆ. ಚುಕ್ಕೆಯ ಮೇಲೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆಯಿರಿ. ನಿಂಬೆಯ ಹುಳಿ ತುಕ್ಕನ್ನು ಕರಗಿಸುತ್ತದೆ. ಬಣ್ಣದ ನೂಲಾದರೆ ಮೊದಲು ಮಾದರಿ ತುಂಡಿನ ಮೇಲೆ ನೋಡಿ. ಬ್ಲೀಚ್ ಹಾಕಲೇಬೇಡಿ, ಕ್ಲೋರಿನ್ ತಗುಲಿದರೆ ತುಕ್ಕಿನ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಉಕ್ಕಿನ ಕಡ್ಡಿಯನ್ನೂ ಹೆಣಿಗೆಯಲ್ಲಿ ಚುಚ್ಚಿಟ್ಟು ಏಳಬೇಡಿ.

ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಇದ್ದರೆ ಬೂಸು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅರ್ಧ ಹೆಣೆದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಹಳೆಯ ಹತ್ತಿ ದಿಂಬಿನ ಚೀಲದಲ್ಲಿಡಿ. ಸಾಧ್ಯವಾದರೆ ಟಾಪಿನ ಮೊದಲ ಒಗೆತ ಮೇ ತಿಂಗಳಲ್ಲೇ ಮುಗಿಸಿ. ಮಲಗಿಸಿ ಒಣಗಿಸುವ ದಪ್ಪ ಹತ್ತಿ ಬಟ್ಟೆ ಆಷಾಢದಲ್ಲಿ ಬೇಗ ಒಣಗುವುದಿಲ್ಲ. ಫ್ಯಾನ್ ಹಾಕಿ, ಆಗಾಗ ಮಗುಚುತ್ತಿರಬೇಕು.

ಬಣ್ಣ ಬಿಡುವ ನೂಲಿಗೆ ವಿನೆಗರ್ ಹಾಕಿ ಅಂತ ಹೇಳುವವರಿದ್ದಾರೆ. ಹತ್ತಿಯ ಬಣ್ಣಕ್ಕೆ ಅದು ಕೆಲಸ ಮಾಡುವುದಿಲ್ಲ. ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ಬೇರೆಯಾಗಿ ತೊಳೆಯುವುದೊಂದೇ ದಾರಿ. ಎರಡು ಬಣ್ಣದ ಟಾಪ್ ಹೆಣೆಯುವ ಮೊದಲು ಗಾಢ ನೂಲನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಒಂದೇ ಬಣ್ಣದ ಉಂಡೆಗಳಲ್ಲೂ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಗುಂಪಿನ ನಂಬರ್) ಬೇರೆಯಾದರೆ ಬಣ್ಣ ಬೇರೆ ಕಾಣುತ್ತದೆ. ಬಲ್ಬಿನ ಬೆಳಕಿನಲ್ಲಿ ಅದು ಗೊತ್ತಾಗುವುದಿಲ್ಲ. ಹುಬ್ಬಳ್ಳಿಯಿಂದ ಯಾರಾದರೂ ನೂಲು ತಂದುಕೊಟ್ಟರೆ ಬೆಳಿಗ್ಗೆ ಅಂಗಳದ ಬೆಳಕಿನಲ್ಲಿ ಲಾಟ್ ನಂಬರ್ ಹೊಂದಿಸಿ ನೋಡಿ. ಹೊಂದದಿದ್ದರೆ ಎರಡು ಉಂಡೆ ಒಟ್ಟಿಗಿಟ್ಟುಕೊಂಡು, ಎರಡು ಸಾಲು ಒಂದರಲ್ಲಿ, ಎರಡು ಸಾಲು ಇನ್ನೊಂದರಲ್ಲಿ ಹೆಣೆಯಿರಿ.

ಸಿಕ್ಕಿಸಿದ ನೂಲಿನ ತುದಿ ಹೊರಗೆ ಬರುತ್ತಿದ್ದರೆ ನೂಲು ಮರ್ಸರೈಸ್ಡ್ ಇರಬೇಕು. ಜಾನ್ ಮರ್ಸರ್ ಎಂಬ ಇಂಗ್ಲೆಂಡಿನವನು 1850ರಲ್ಲಿ ಪೇಟೆಂಟ್ ಪಡೆದ ಪದ್ಧತಿ ಅದು. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸುತ್ತಾರೆ. ಈಗಿನ ಹಾಗೆ ಬಿಗಿಯಾಗಿ ಎಳೆದು ಹಿಡಿದು ಮಾಡಿದರೆ ಹೊಳಪೂ ನಯವೂ ಬರುತ್ತದೆ. ನಯ ಇದ್ದಲ್ಲಿ ಜಾರಿಕೆಯೂ ಇರುತ್ತದೆ. ತುದಿಯನ್ನು 15 ಸೆಂ.ಮೀ. ಬಿಟ್ಟು, ಮೂರು ಬೇರೆ ದಿಕ್ಕಿಗೆ ಸೂಜಿಯಲ್ಲಿ ತೂರಿಸಿ.

ಬಿಚ್ಚಲೇಬೇಕಾದಾಗ

ಹತ್ತಿ ಬಿಚ್ಚಿದರೆ ಹಾಳಾಗುವುದಿಲ್ಲ, ಆ ಭಯ ಬೇಡ. ಬಿಚ್ಚಿದ ನೂಲು ಗುಂಗುರಾಗಿರುತ್ತದೆ, ಹಾಗೇ ಹೆಣೆದರೆ ಕಂಬ ಒಂದೊಂದು ಅಳತೆಗೆ ಬರುತ್ತದೆ. ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಿನಲ್ಲಿ ಅದ್ದಿ, ನೆರಳಿನಲ್ಲಿ ತೂಗುಹಾಕಿ. ಪೂರ್ತಿ ಒಣಗಿದ ಮೇಲೆ ಉಂಡೆ ಮಾಡಿ, ಬೆರಳು ನಡುವೆ ಇಟ್ಟುಕೊಂಡು ಸಡಿಲವಾಗಿ ಸುತ್ತಿ. ಬಿಗಿಯಾಗಿ ಸುತ್ತಿದ ನೂಲು ಎಳೆದುಕೊಂಡೇ ಇರುತ್ತದೆ, ಹೆಣೆದು ಒಗೆದ ಮೇಲೆ ಕುಗ್ಗುತ್ತದೆ, ಆಗ ಅಳತೆ ಮತ್ತೆ ತಪ್ಪುತ್ತದೆ.